ಕಣಕಿ ಬಣವೆಯಲ್ಲಿ ಅಪ್ಪನ ತುತ್ತೂರಿ

ಆಗಿನ್ನೂ ನಾವು ಮುಂಬೈ ಸರ್ಕಾರದ ಪ್ರಜೆಗಳು. ಕರ್ನಾಟಕ ಒಂದಾಗಲೆಂದು ಗದಗಿನಲ್ಲಿ ಮೆರವಣಿಗೆ ಹೊರಡುತ್ತಿದ್ದ ಕಾಲ. ಬೆಟಗೇರಿಯ ನಮ್ಮ ಓಣಿಯ ತುಂಬ ನೂಲಿಗೆ ಹಾಕುವ ಗಂಜಿಯ ಹುಳಿ ವಾಸನೆ, ಮಗ್ಗದ ಸದ್ದು. ಅಪ್ಪನೂ ನೇಕಾರನೇ. ಆದರೆ ಲಕ್ಷ್ಮೇಶ್ವರ, ಶಿರಹಟ್ಟಿ, ಎಲ್ಲೇ ಕುಸ್ತಿ ಇದ್ದರೂ ಮಗ್ಗ ಬಿಟ್ಟು ಏಳುತ್ತಿದ್ದ. ಮೊಳದುದ್ದದ ತಗಡಿನ ತುತ್ತೂರಿ ಬಾಯಿಗಿಟ್ಟು, ಯಾರು ಯಾವ ಪಟ್ಟು ಹಾಕಿದರು, ಯಾರು ಬಿದ್ದರು ಎಂದು ಕೂಗಿ ಹೇಳುತ್ತಿದ್ದ.

ಹೆಂಗಸರು ಕುಸ್ತಿ ಕಣದ ಹತ್ತಿರ ಸುಳಿಯುವಂತಿರಲಿಲ್ಲ. ಪೈಲ್ವಾನರ ತಾಯಂದಿರು ದೂರದ ಮಾಳಿಗೆಗಳ ಮೇಲೆ ಕೂತು ಅಪ್ಪನ ದನಿಯಲ್ಲೇ ಕುಸ್ತಿ ನೋಡುತ್ತಿದ್ದರು. ಮಗನ ಸುದ್ದಿ ಕಿವಿಗೆ ಬೀಳುವತನಕ ತುತ್ತು ಮುಟ್ಟದವರೂ ಇದ್ದರು.

ನನಗೋ ಆ ತುತ್ತೂರಿಯೇ ನಾಚಿಕೆ. ಶಾಲೆಯಲ್ಲಿ ಹುಡುಗಿಯರು ಅಂಗೈ ಬಾಯಿಗಿಟ್ಟು, "ಹತ್ತಿತೋ ಹತ್ತಿತು! ಬೆನ್ನು ಮಣ್ಣಿಗಿ ಹತ್ತಿತು!" ಎಂದು ಅಪ್ಪನಂತೆ ಕೂಗಿ ನಗುತ್ತಿದ್ದರು.

ಅಷ್ಟರಲ್ಲಿ ಧಾರವಾಡದಿಂದ ಅಪ್ಪನಿಗೆ ಪತ್ರ ಬಂತು. ಸೋಮವಾರ ರೇಡಿಯೊದಲ್ಲಿ ದನಿ ಪರೀಕ್ಷೆ. ಪಾಸಾದರೆ ಕುಸ್ತಿಯ ವರದಿ ಹೇಳುವ ಕೆಲಸ. ಅವ್ವ ಗೋಧಿ ಹುಗ್ಗಿ ಮಾಡಿದಳು. ಅಪ್ಪ ಆ ಪತ್ರವನ್ನು ಓಣಿಗೆಲ್ಲ ಓದಿ ತೋರಿಸಿದ.

ಪರೀಕ್ಷೆಯ ಹಿಂದಿನ ದಿನವೇ ಮುಳಗುಂದದ ಕುಸ್ತಿ. ತುತ್ತೂರಿ ಇಲ್ಲದಿದ್ದರೆ ಅಪ್ಪ ಹೋಗುವುದಿಲ್ಲ ಅಂದುಕೊಂಡು, ಅದನ್ನು ಹಿತ್ತಲಿನಲ್ಲಿ ಎಮ್ಮೆಗೆಂದು ಒಟ್ಟಿದ್ದ ಜೋಳದ ಕಣಕಿ ಬಣವೆಯೊಳಗೆ ತುರುಕಿದೆ.

"ತುತ್ತೂರಿ ಕಂಡೀಯೇನ, ಮಗಳ?"

"ಇಲ್ಲಪ್ಪಾ."

ಅವ್ವ ಅಡ್ಡ ಬಂದಳು. "ನಾಳೆ ಧಾರವಾಡಕ್ಕ ಹೋಗೂದೈತಿ. ಇವತ್ತ ಬರೇ ಬಾಯ್ಲೆ ಒದರಿ ಗಂಟಲಾ ಹರಕೋಬ್ಯಾಡ್ರಿ."

"ಮಾಳಿಗಿ ಮ್ಯಾಲ ಹೆಣ್ಮಕ್ಕಳು ಹಸಕೊಂಡು ಕುಂತಿರ್ತಾರ. ಅವರಿಗೆ ಹೇಳಾವ್ರು ಯಾರು?" ಎಂದು ಅಪ್ಪ ಹೋಗಿಯೇಬಿಟ್ಟ.

ಸಂಜೆ ಬಂದವನು ಕೈಸನ್ನೆಯಲ್ಲಿ ನೀರು ಕೇಳಿದ. ಅವ್ವ ಜಜ್ಜಿ ಕೊಟ್ಟ ಶುಂಠಿ, ಬೆಲ್ಲ ಯಾವುದೂ ನಾಟಲಿಲ್ಲ. ಮರುದಿನ ಧಾರವಾಡದಿಂದ ಮರಳಿ, "ನನ್ನ ದನಿ ನನಗ ಗುರ್ತ ಸಿಗಲಿಲ್ಲ" ಎಂದ, ಪಿಸುಗುಟ್ಟಿದಂತೆ. ರೇಡಿಯೊದವರು ಮತ್ತೆ ಕರೆಯಲಿಲ್ಲ. ಒಡೆದ ಗಂಟಲು ಮೊದಲಿನಂತೆ ಆಗಲೂ ಇಲ್ಲ. ಅಪ್ಪ ಕುಸ್ತಿಗೆ ಹೋಗುವುದನ್ನು ಬಿಟ್ಟು ಮಗ್ಗಕ್ಕೆ ಕೂತ.

ದಿನವೂ ಎಮ್ಮೆ ತಿಂದರೆ ಬಣವೆ ಕರಗುತ್ತದೆ ಎಂಬಷ್ಟು ಬುದ್ಧಿ ನನಗಿರಲಿಲ್ಲ. ಬೇಸಿಗೆಯಲ್ಲಿ ಅವ್ವ ಮೇವು ಎಳೆದಾಗ ತುತ್ತೂರಿ ಉರುಳಿ ಹೊರಬಿತ್ತು. ಅವ್ವ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

"ಇಲಿ ಎಳಕೊಂಡು ಹೋಗಿರಬೇಕ ಬಿಡ," ಎಂದ ಅಪ್ಪ.

ಮೊಳದುದ್ದದ ತಗಡು ಎಳೆಯುವ ಇಲಿ ಬೆಟಗೇರಿಯಲ್ಲಿ ಎಲ್ಲಿತ್ತೋ! ಅದನ್ನು ಒರೆಸಿ ಮತ್ತೆ ಗೂಟಕ್ಕೆ ತೂಗುಹಾಕಿದ. ಅಂದು ಎರಡು ಏಟು ಹಾಕಿದ್ದರೆ ನನ್ನ ಜೀವ ಹಗುರಾಗುತ್ತಿತ್ತು. ಅವನು ಸಾಯುವತನಕ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೆತ್ತವರನ್ನು ಕಂಡು ನಾಚಿದವರು ನಿಮ್ಮಲ್ಲೂ ಇರಬಹುದು. ನನ್ನಷ್ಟು ಹಾಳು ಮಾಡಿರಲಿಕ್ಕಿಲ್ಲ.

ಈಗ ಟೀವಿಯಲ್ಲಿ ಹೆಣ್ಣುಮಕ್ಕಳೇ ಕುಸ್ತಿ ಹಿಡಿಯುತ್ತಾರೆ. ಮೊಮ್ಮಗಳು ನೋಡುತ್ತ ಕೂತವಳು, "ನಿಮ್ಮಪ್ಪನ ದನಿ ಹೆಂಗಿತ್ತಜ್ಜೀ?" ಎಂದು ಕೇಳುತ್ತಾಳೆ. ರೇಡಿಯೊದಲ್ಲಿ ಉಳಿಯಬಹುದಾಗಿದ್ದ ದನಿ ಈಗ ಎಲ್ಲಿಯೂ ಇಲ್ಲ. ಶಾಲೆಯ ಹುಡುಗಿಯರು ಅಣಕಿಸಿದ ಹಾಗೆಯೇ ಅಂಗೈ ಬಾಯಿಗಿಟ್ಟು, "ಹತ್ತಿತೋ ಹತ್ತಿತು!" ಎಂದು ಕೂಗಿ ತೋರಿಸುತ್ತೇನೆ. ಅವಳು ನಗುತ್ತಾಳೆ.