ಬೂದು ಚೌಕಗಳ ಮುಂದೆ ಹನ್ನೆರಡು ನಿಮಿಷ

ತಲೆಗೆ ಹನ್ನೊಂದು ಪೌಂಡು, ಮಕ್ಕಳಿಗೆ ಆರು. ಕೋಚು, ಡ್ರೈವರು, ಬೆಳಗಿನ ಉಪ್ಪಿಟ್ಟು, ಮಧ್ಯಾಹ್ನದ ಬುತ್ತಿ ಎಲ್ಲ ಅದರಲ್ಲೇ ಬಂತು. ಇಷ್ಟು ಕಡಿಮೆಗೆ ಹೇಗೆ ಹೊಂದಿಸಿದಿರಿ ಎಂದು ಆಗ ಎಲ್ಲರೂ ಕೇಳಿದ್ದರು. ಶಾಲೆಯ ಮಕ್ಕಳನ್ನು ಒಯ್ಯುವ ಕೋಚುಗಳು ಭಾನುವಾರ ಸುಮ್ಮನೆ ನಿಂತಿರುತ್ತವೆ. ಲಂಡನ್ನಿನ ಅಂಚಿನ ಫೆಲ್ಥಮ್‌ನಲ್ಲಿ ನನ್ನ ಟೈಲ್ಸ್ ಅಂಗಡಿಯ ಹಿಂದೆಯೇ ಅಂಥ ಗಾಡಿಗಳ ಅಂಗಳವಿತ್ತು. ನಿಂತ ಗಾಡಿಗೆ ಬಂದದ್ದೇ ಲಾಭ ಎಂದು ಮಾಲೀಕನಿಗೆ ಎರಡು ಸಲ ಚಹಾ ಕುಡಿಸಿ ಮನವರಿಕೆ ಮಾಡಿಕೊಟ್ಟೆ. ಅವನೂ ಕಡಿಮೆಯವನಲ್ಲ. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಈ ದರ, ಆರು ದಾಟಿದರೆ ಡ್ರೈವರ್ ನಿಲ್ಲುವುದಿಲ್ಲ ಎಂದು ಬರೆಸಿಕೊಂಡ. ನಾನು ಖುಷಿಯಿಂದ ಸಹಿ ಹಾಕಿದೆ. ನೋಡುವ ಜಾಗಗಳಿಗೆ ಟಿಕೆಟ್ಟೂ ಇರಲಿಲ್ಲ. ಕಟ್ಟಡಗಳನ್ನು ಹೊರಗಿನಿಂದ ನೋಡುವುದು, ಗ್ಯಾಲರಿಗೆ ಪ್ರವೇಶ ಪುಕ್ಕಟೆ.

ಹೊಸ ಶತಮಾನ ಶುರುವಾಗಿ ಮೂರ್ನಾಲ್ಕು ವರ್ಷವಾಗಿತ್ತು. ಲಂಡನ್ನಿನ ಹೊಸ ಕಲೆ, ಹೊಸ ಕಟ್ಟಡಗಳನ್ನು ತೋರಿಸುವ ಆ ಪ್ರವಾಸವನ್ನು ನಾನು ಹೂಡಿದ್ದು ನನ್ನ ಹೆಂಡತಿಗಾಗಿ. ಅವಳ ಕಣ್ಣು ಹೋಗುತ್ತಿತ್ತು.

ಗ್ಲಾಕೋಮಾ ಎಂದು ಗೊತ್ತಾದದ್ದು ಅದರ ಹಿಂದಿನ ಚಳಿಗಾಲ. ಕಣ್ಣಿನ ಆಸ್ಪತ್ರೆಯಲ್ಲಿ ಅವಳನ್ನು ಒಂದು ಬಿಳಿ ಬೋಗುಣಿಯಂಥ ಯಂತ್ರದ ಮುಂದೆ ಕೂರಿಸಿ, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಿ ಎಂದು ಕೈಗೆ ಕೊಟ್ಟರು. ನಾನು ಪಕ್ಕದಲ್ಲಿ ಕೂತಿದ್ದೆ. ನನಗೆ ಚುಕ್ಕೆಗಳು ಕಾಣುತ್ತಿದ್ದವು. ಅವಳು ಒತ್ತುತ್ತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಮಷಿನ್ ಕೆಟ್ಟೈತೇನ್ರಿ? ಏನೂ ಬರವಲ್ದು," ಅಂದಳು.

ಸುತ್ತಲಿನ ನೋಟ ಆಗಲೇ ಹೋಗಿತ್ತು. ಕೊಳವೆಯೊಳಗಿಂದ ನೋಡಿದಂತೆ ನಡುವಿನದಷ್ಟೇ ಉಳಿದಿತ್ತು. ಹನಿ ಹಾಕಿಕೊಂಡರೆ ಉಳಿದದ್ದು ಕೆಲವು ಕಾಲ ಉಳಿಯಬಹುದು, ಹೋದದ್ದು ಬರುವುದಿಲ್ಲ ಎಂದರು ಡಾಕ್ಟರು. ನಾಲ್ಕು ವರ್ಷ ಮೊದಲೇ ಬಂದಿದ್ದರೆ ಎಂದು ಶುರುಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದರು. ಆ ನಾಲ್ಕು ವರ್ಷದ ಲೆಕ್ಕ ನನಗೆ ಗೊತ್ತು. ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ ಎಂದು ಅವಳು ಹೇಳಿದಾಗ, ಕನ್ನಡಕದಂಗಡಿಗೆ ಹೋದರೆ ಪರೀಕ್ಷೆಗಿಷ್ಟು, ಫ್ರೇಮಿಗಿಷ್ಟು ಎಂದು ಸುಲಿಯುತ್ತಾರೆ ಅಂದುಕೊಂಡು, ಅಕ್ಸ್‌ಬ್ರಿಡ್ಜಿನ ಸಂತೆಯಲ್ಲಿ ರೆಡಿ ಕನ್ನಡಕ ಮೂರನ್ನು ಎರಡರ ಬೆಲೆಗೆ ತಂದವನು ನಾನು. ಆ ದಿನ ಮನೆಯಲ್ಲಿ ಅದನ್ನೊಂದು ಗೆಲುವಿನಂತೆ ಹೇಳಿಕೊಂಡಿದ್ದೆ. ಕಸೂತಿ ಹಾಕುವವಳು ಅವಳು. ಧಾರವಾಡದಲ್ಲಿ ಅವಳ ತಾಯಿಯಿಂದ ಕಲಿತದ್ದು. ಬಟ್ಟೆಯ ಎಳೆ ಎಣಿಸಿ ಎಣಿಸಿ, ಗಂಟು ಹಾಕದೆ, ಎರಡೂ ಬದಿ ಒಂದೇ ಥರ ಕಾಣುವಂತೆ ಹೊಲಿಯುವ ಕೆಲಸ. ಒಂದೊಂದೇ ಕನ್ನಡಕ ಬದಲಿಸಿ ನೋಡಿದಳು, ಕೊನೆಗೆ ದಾರದ ಡಬ್ಬಿಯನ್ನೇ ಮುಚ್ಚಿಟ್ಟಳು. ವಯಸ್ಸಾಯಿತು ಅಂದುಕೊಂಡೆವು.

ಲೈಬ್ರರಿಯಿಂದ ಅವಳು ದೊಡ್ಡ ಚಿತ್ರಗಳ ಪುಸ್ತಕ ತರುತ್ತಿದ್ದಳು. ಅಂಥ ಒಂದರಲ್ಲಿ ಅವಳಿಗೆ ಆ ಚಿತ್ರ ಸಿಕ್ಕಿತು. ನನಗದು ಚಿತ್ರವೇ ಅನಿಸಲಿಲ್ಲ. ಆಳೆತ್ತರದ ಬಿಳಿ ಕ್ಯಾನ್ವಾಸು, ಅದರ ತುಂಬ ಪೆನ್ಸಿಲಿನಲ್ಲಿ ಗೆರೆ ಎಳೆದು ಮಾಡಿದ ಅಕ್ಕಿಕಾಳಿನಷ್ಟು ಸಣ್ಣ ಚೌಕಗಳು, ಅಷ್ಟೇ. ಅಚ್ಚಿನಲ್ಲಿ ಬರೀ ಬೂದು ಮಂಜಿನಂತೆ ಕಾಣುತ್ತಿತ್ತು. ಅವಳು ಭೂತಗನ್ನಡಿ ಹಿಡಿದು ಎರಡು ದಿನ ನೋಡಿದಳು.

"ಇದು ನಮ್ಮ ಕೆಲಸ ಐತ್ರಿ," ಅಂದಳು. "ಎಳಿ ಎಣಿಸಿ ಮಾಡ್ಯಾರ. ಕೈಲೆ ಎಳದದ್ದು, ಕೈ ನಡುಗಿದ್ದು ಸೈತ ಕಾಣತೈತಿ. ಕಣ್ಣಿರೂತನಕ ಇದನ್ನ ಒಮ್ಮೆ ಎದುರಿಗಿ ನಿಂತು ನೋಡಬೇಕ್ರಿ."

ಆ ಚಿತ್ರ ಆಗ ಲಂಡನ್ನಿನಲ್ಲೇ ಇತ್ತು. ಥೇಮ್ಸ್ ದಡದ ಹಳೆಯ ವಿದ್ಯುತ್ ಸ್ಥಾವರವನ್ನು ಗ್ಯಾಲರಿ ಮಾಡಿದ್ದರಲ್ಲ, ಅಲ್ಲಿ. ಮನೆಯಿಂದ ರೈಲು ಹತ್ತಿದ್ದರೆ ಒಂದೂವರೆ ಗಂಟೆಯ ದಾರಿ. ಇಬ್ಬರೇ ಹೋಗಿಬರಬಹುದಿತ್ತು. ಆದರೆ ನಾನು ಎಲ್ಲವನ್ನೂ ಸಗಟಿನಲ್ಲಿ ಯೋಚಿಸುವವನು. ಹೇಗಿದ್ದರೂ ವರ್ಷಕ್ಕೊಮ್ಮೆ ನಮ್ಮ ಕನ್ನಡದ ಮನೆಗಳನ್ನೆಲ್ಲ ಕೂಡಿಸಿ ಕೋಚ್ ಹೊರಡಿಸುವುದು ನನ್ನ ಕೆಲಸವಾಗಿತ್ತು. ಒಂದು ಬೇಸಿಗೆ ದೇವಸ್ಥಾನಗಳು, ಒಂದು ಬೇಸಿಗೆ ಸಮುದ್ರ. ಈ ಸಲ ಇದು ಎಂದೆ.

ಲಂಡನ್ನಿನ ಪಿನ್ನರ್ ಬಡಾವಣೆಯಲ್ಲಿ ಬೆಂಗಳೂರಿನ ಒಬ್ಬ ಆರ್ಕಿಟೆಕ್ಟ್ ಮೇಡಂ ಇದ್ದರು. ವಿವರಿಸಲು ಅವರನ್ನು ಒಪ್ಪಿಸಿದೆ. ಅವರು ಪಟ್ಟಿಯಲ್ಲಿ ನಾಲ್ಕು ಜಾಗ ಬರೆದುಕೊಟ್ಟರು. ನಾನು ಅದನ್ನು ಒಂಬತ್ತಕ್ಕೆ ಏರಿಸಿದೆ.

"ಸರ್, ಒಂಬತ್ತು ಆಗಲ್ಲ," ಅಂದರು ಫೋನಿನಲ್ಲಿ. "ಇದೇನು ಕ್ಷೇತ್ರದರ್ಶನ ಅಲ್ವಲ್ಲ, ಇಳಿದು ಕೈ ಮುಗಿದು ಹತ್ತೋಕೆ. ಗ್ಯಾಲರಿಗೇ ಅರ್ಧ ದಿನ ಬೇಕು."

"ಮೇಡಂ, ನಮ್ಮ ಜನ ದುಡ್ಡು ಕೊಟ್ಟಾರ. ಎಷ್ಟು ಜಾಗ ನೋಡಿದ್ವಿ ಅಂತ ಬೆರಳು ಮಡಚಿ ಎಣಸ್ತಾರ," ಎಂದೆ. ಗ್ಯಾಲರಿಗೆ ಮುಕ್ಕಾಲು ಗಂಟೆ ಎಂದು ಬರೆದೆ.

ಊರಿನಿಂದ ಯಾರಾದರೂ ಯಾತ್ರೆಗೆ ಹೋದವರಿದ್ದರೆ ಅವರಿಗೆ ಈ ಲೆಕ್ಕ ಗೊತ್ತಿರುತ್ತದೆ. ಬಸ್ಸು ಬಿಟ್ಟ ಮೇಲೆ ಒಂದು ದೇವರೂ ತಪ್ಪಬಾರದು. ಎಲ್ಲಿಯೂ ನಿಲ್ಲಬಾರದು. ನಾನು ಪರದೇಶಕ್ಕೆ ಬಂದು ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಎತ್ತಿ, ಆಮೇಲೆ ಒಂದು ವ್ಯಾನು, ಆಮೇಲೆ ಅಂಗಡಿ ಎಂದು ಮೇಲೆ ಬಂದದ್ದು ಅದೇ ಲೆಕ್ಕದ ಮೇಲೆ. ಆ ಭಾನುವಾರವೂ ಕೊರಳಿಗೆ ಸೀಟಿ ಹಾಕಿಕೊಂಡೇ ಹೊರಟೆ.

ಬೆಳಿಗ್ಗೆ ಬ್ಯಾಂಕುಗಳ ಓಣಿಯಲ್ಲಿ ಇಳಿದೆವು. ಭಾನುವಾರವಾದ್ದರಿಂದ ನರಪಿಳ್ಳೆಯೂ ಇರಲಿಲ್ಲ. ಲಿಫ್ಟು, ಪೈಪು, ಮೆಟ್ಟಿಲು ಎಲ್ಲವನ್ನೂ ಹೊರಗೋಡೆಗೇ ಅಂಟಿಸಿದ ಉಕ್ಕಿನ ಕಟ್ಟಡದ ಮುಂದೆ ಮೇಡಂ ನಿಂತು, ಒಳಗೆ ಜಾಗ ಬಿಡಿಸಲು ಹೀಗೆ ಮಾಡಿದ್ದಾರೆ ಎಂದು ವಿವರಿಸುತ್ತಿದ್ದರು. ನಮ್ಮ ಗುಂಪಿನಲ್ಲಿ ಕುಂದಾಪುರದ ಹೋಟೆಲಿನವರೊಬ್ಬರಿದ್ದರು. ಅವರು ಸೊಂಟದ ಮೇಲೆ ಕೈ ಇಟ್ಟು ಮೇಲಿನಿಂದ ಕೆಳಗೆ ನೋಡಿ, "ಪೈಪೆಲ್ಲ ಹೊರಗೇ ಬಿಟ್ಟಿದ್ರಲ್ಲೆ ಮಾರಾಯ್ರೆ. ಪ್ಲಂಬರ್ ಅರ್ಧದಲ್ಲಿ ಜಗಳ ಮಾಡ್ಕಂಡು ಹೋದ್ನಾ ಹ್ಯಾಂಗೆ?" ಅಂದರು. ಎಲ್ಲರೂ ನಕ್ಕರು. ಮೇಡಂ ಕೂಡ ನಕ್ಕರು. ಅಲ್ಲಿಂದ ಮಿಡಿಸೌತೆಯಂತೆ ನಿಂತಿದ್ದ ಗಾಜಿನ ಗೋಪುರ. ಅದರ ಗಾಜಿಗೆ ಚದರ ಮೀಟರಿಗೆ ಎಷ್ಟು ಬಿದ್ದಿರಬಹುದು ಎಂದು ನಾನು ಒಂದು ಭಾಷಣವನ್ನೇ ಮಾಡಿದೆ. ನನ್ನ ಹೆಂಡತಿ ತಲೆ ಎತ್ತಿ, ಒಂದು ಗಾಜಿನಿಂದ ಇನ್ನೊಂದಕ್ಕೆ ಕಣ್ಣು ಸರಿಸುತ್ತ, ತುದಿ ಸಿಗದೆ ಬಿಟ್ಟುಬಿಟ್ಟಳು.

"ಸಾಕಾತೇನು?" ಎಂದೆ.

"ಇದು ಇರಲಿ. ಅದನ್ನ ಯಾವಾಗ ನೋಡೂಣು?"

ಆರನೆಯ ಜಾಗವಾಗಿ ಗ್ಯಾಲರಿ ಬಂತು. ಅಷ್ಟರಲ್ಲಿ ಮುಕ್ಕಾಲು ಗಂಟೆಯಲ್ಲಿ ಹತ್ತು ನಿಮಿಷವನ್ನು ದಾರಿಯ ಟ್ರಾಫಿಕ್ ತಿಂದಿತ್ತು. ಹಿಂದೆ ವಿದ್ಯುತ್ ಯಂತ್ರಗಳಿದ್ದ ಆ ಎತ್ತರದ ಹಜಾರಕ್ಕೆ ಕಾಲಿಟ್ಟ ಕೂಡಲೇ ನಮ್ಮ ಮಕ್ಕಳು ಇಳಿಜಾರಿನಲ್ಲಿ ಓಡತೊಡಗಿದರು. ಒಂದು ಹುಡುಗಿ ಸುತ್ತಲೂ ನೋಡಿ, "ಅಂಕಲ್, ಈಸ್ ದಿಸ್ ಇಟ್?" ಎಂದು ಕೇಳಿದಳು. ಬುತ್ತಿ ಬಿಚ್ಚಬಹುದೇ ಎಂದು ಹೋಟೆಲಿನವರು ಕೇಳಿದರು. ನಾನು ತಲೆ ಎಣಿಸುತ್ತಿದ್ದೆ. ಮೇಡಂ ನನ್ನ ಹೆಂಡತಿಯ ಕೈ ಹಿಡಿದು, ಎಸ್ಕಲೇಟರಿನಲ್ಲಿ ಮೇಲೆ ಕರೆದೊಯ್ದರು. ಚಿತ್ರ ಇದ್ದ ಕೋಣೆ ಹುಡುಕಲು ಅವರಿಗೂ ಹೊತ್ತಾಯಿತಂತೆ.

ನಾನು ಮೇಲೆ ಹೋದಾಗ ಅವಳು ಅದರ ಮುಂದೆ ನಿಂತಿದ್ದಳು. ಕಾವಲಿನವನು ಒಂದು ಹೆಜ್ಜೆ ಹಿಂದೆ ನಿಲ್ಲಿ ಎಂದು ಎರಡು ಸಲ ಹೇಳಿದ್ದನಂತೆ. ಮೇಡಂ ಅವನಿಗೆ ಕಣ್ಣಿನ ವಿಷಯ ತಿಳಿಸಿದ ಮೇಲೆ ಸುಮ್ಮನಾದ. ಅವಳು ನೋಡುವ ರೀತಿ ಬೇರೆಯೇ ಇತ್ತು. ನಾವು ಒಮ್ಮೆಗೇ ಇಡೀ ಚಿತ್ರ ನೋಡುತ್ತೇವೆ. ಅವಳಿಗೆ ಆ ಭಾಗ್ಯವಿರಲಿಲ್ಲ. ಎಡಗಡೆ ಮೇಲಿನ ಮೂಲೆಯಿಂದ ಶುರುಮಾಡಿ ಒಂದು ಸಾಲು ಕೆಳಗೆ, ಪಕ್ಕದ ಸಾಲು ಮೇಲೆ, ಹೀಗೆ ಕಣ್ಣು ನಡೆಸುತ್ತಿದ್ದಳು. ಬಲಗೈಯ ಹೆಬ್ಬೆರಳು ತೋರುಬೆರಳು ಸೂಜಿ ಹಿಡಿದಂತೆ ಕೂಡಿಕೊಂಡಿದ್ದವು. ತುಟಿ ಅಲ್ಲಾಡುತ್ತಿತ್ತು.

ನಾನು ಗಡಿಯಾರ ನೋಡಿದೆ. ಅವಳು ನಿಂತು ಹನ್ನೆರಡು ನಿಮಿಷವಾಗಿತ್ತು ಎಂದು ಮೇಡಂ ಹೇಳಿದರು. ಕೋಚಿಗೆ ಅಲ್ಲಿ ನಿಲ್ಲಲು ಜಾಗವಿರಲಿಲ್ಲ, ಸುತ್ತು ಹೊಡೆದು ಬಂದು ಹತ್ತಿಸಿಕೊಳ್ಳುತ್ತಿತ್ತು. ಇನ್ನೂ ಮೂರು ಜಾಗ ಬಾಕಿ.

"ನಡಿ, ಟೈಮ್ ಆತು."

"ಇನ್ನೊಂದು ಹತ್ತು ನಿಮಿಷ ರೀ. ಅರ್ಧಾ ಆಗೈತಿ."

"ಇವರನ್ನು ಬಿಟ್ಟು ನೀವು ಹೋಗಿ ಸರ್," ಅಂದರು ಮೇಡಂ. "ನಾವಿಬ್ಬರೂ ಟ್ಯೂಬ್ ರೈಲಿನಲ್ಲಿ ಬರ್ತೀವಿ."

"ನೀವಿಲ್ದ ಉಳಿದದ್ದನ್ನ ಯಾರು ವಿವರಿಸಬೇಕು ಮೇಡಂ?" ಎಂದೆ. ಹೆಂಡತಿಗೆ ಹೇಳಿದೆ, "ಏ, ಪುಕ್ಕಟೆ ಐತಲ್ಲ ಇದು. ಯಾವಾಗ ಬೇಕಾದ್ರೂ ಬರಬಹುದು. ಓಡಿ ಹೋಗತೈತೇನು?"

ನಾನು ಜೀವನದಲ್ಲಿ ಆಡಿದ ಮಾತುಗಳಲ್ಲಿ ಎಷ್ಟೋ ಸುಳ್ಳುಗಳಿವೆ, ವ್ಯಾಪಾರದಲ್ಲಿ ಇದ್ದೇ ಇರುತ್ತವೆ. ಇದನ್ನು ಮಾತ್ರ ನಾನು ನಿಜವೆಂದು ನಂಬಿಯೇ ಆಡಿದ್ದೆ. ಟಿಕೆಟ್ಟಿಲ್ಲದ ವಸ್ತು ಯಾವಾಗಲೂ ಅಲ್ಲೇ ಇರುತ್ತದೆ ಅಂದುಕೊಂಡಿದ್ದೆ.

ಅವಳು ಚಿತ್ರದಿಂದ ಹಿಂದೆ ಸರಿದಳು. ಬೆರಳುಗಳನ್ನು ಬಿಡಿಸಿ ಸೆರಗಿಗೆ ಒರೆಸಿಕೊಂಡಳು. ನದಿಯ ಮೇಲಿನ ಹೊಸ ಕಾಲ್ಸೇತುವೆಯಲ್ಲಿ ನನ್ನ ತೋಳು ಹಿಡಿದು ನಡೆದಳು. ಎಲ್ಲರೂ ಫೋಟೋ ತೆಗೆಸಿಕೊಂಡರು. ಮೊಟ್ಟೆಯಂತೆ ವಾಲಿದ ಗಾಜಿನ ಕಟ್ಟಡವನ್ನೂ ನೋಡಿದೆವು. ಆರಕ್ಕೆ ಐದು ನಿಮಿಷವಿದ್ದಾಗ ಫೆಲ್ಥಮ್‌ನಲ್ಲಿದ್ದೆವು, ಒಂಬತ್ತೂ ಜಾಗ ಮುಗಿಸಿ. ಜನ ನನ್ನ ಕೈ ಕುಲುಕಿ ಹೋದರು.

ಆಮೇಲೆ ಅಂಗಡಿಗೆ ಹೊಸ ಗೋದಾಮು ಹಿಡಿದೆ. ಶನಿವಾರ ವ್ಯಾಪಾರ ಹೆಚ್ಚು, ಭಾನುವಾರ ಸರಕು ಎಣಿಸಬೇಕು. ಅವಳು ಎರಡು ಸಲ ನೆನಪಿಸಿದಳು, ಮೂರನೆಯ ಸಲ ನೆನಪಿಸಲಿಲ್ಲ. ಚಳಿಗಾಲ ಕಳೆದು ಏಪ್ರಿಲಿನಲ್ಲಿ ಒಂದು ಮಂಗಳವಾರ ಅಂಗಡಿಯನ್ನು ಕೆಲಸದವರಿಗೆ ಒಪ್ಪಿಸಿ ಗ್ಯಾಲರಿಗೆ ಹೊರಟೆವು. ಆಗಲೇ ಅವಳ ನೋಟದ ಕೊಳವೆ ಇನ್ನಷ್ಟು ಕಿರಿದಾಗಿತ್ತು. ಮೆಟ್ಟಿಲನ್ನು ಕಾಲಿನಿಂದ ತಡಕುತ್ತಿದ್ದಳು.

ಕೋಣೆ ಅದೇ. ಗೋಡೆಯ ಮೇಲೆ ಬೇರೇನೋ ಇತ್ತು, ಕೆಂಪು ಕಬ್ಬಿಣದ್ದು.

ಕಾವಲಿನ ಹೆಂಗಸು ಪಾಪ, ಕೆಳಗೆ ಫೋನ್ ಮಾಡಿ ವಿಚಾರಿಸಿದಳು. ಆ ಚಿತ್ರ ಇಲ್ಲಿಯದಲ್ಲ, ಎರವಲು ತಂದದ್ದು, ಜನವರಿಯಲ್ಲಿ ಅಮೆರಿಕಾಕ್ಕೆ ಹಿಂದಿರುಗಿ ಹೋಯಿತು ಎಂದಳು. ಮತ್ತೆ ಬರುತ್ತದೆಯೇ ಎಂದು ಕೇಳಿದೆ. ಹೇಳಲಾಗದು ಎಂದಳು. ಯಾರೊಡನೆ ಮಾತಾಡಿದರೆ ಆದೀತು, ಏನಾದರೂ ಕೊಟ್ಟರೆ ಆದೀತೇ ಎಂದು ಕೂಡ ಕೇಳಿದೆ. ಬಾಯಿಗೆ ಬಂದುಬಿಟ್ಟಿತು. ಆಕೆ ನನ್ನನ್ನು ಬಯ್ಯಲಿಲ್ಲ, ಒಂದು ಕುರ್ಚಿ ತಂದುಕೊಟ್ಟಳು.

ಹೆಂಡತಿ ಕೂತಳು. "ಎಡಗಡಿ ಅರ್ಧಾ ನೋಡೇನಿ ಬಿಡ್ರಿ," ಅಂದಳು. ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ ಹೇಳಿದಳು. ಅದನ್ನು ನಾನು ಇವತ್ತಿಗೂ ತಡೆದುಕೊಳ್ಳಲಾರೆ.

ಮರುವರ್ಷದ ಹೊತ್ತಿಗೆ ಬೆಳಕು ಕತ್ತಲೆಯ ವ್ಯತ್ಯಾಸವಷ್ಟೇ ಉಳಿಯಿತು. ಆಮೇಲೆ ಅದೂ ಇಲ್ಲ. ಅಂಗಡಿಯಲ್ಲಿ ಬಲೆಗೆ ಅಂಟಿಸಿದ ಸಣ್ಣ ಮೊಸಾಯಿಕ್ ಚೌಕಗಳ ಹಾಳೆ ಬರುತ್ತದೆ. ಒಂದು ದಿನ ಅದನ್ನೇ ತಂದು ಅವಳ ತೊಡೆಯ ಮೇಲಿಟ್ಟೆ. ಬೆರಳಾಡಿಸಿ ನೋಡಲಿ ಎಂದು. ಅವಳು ಎರಡು ಸಾಲು ಮುಟ್ಟಿ, "ಇದು ಮಷಿನ್ನಿಂದು," ಎಂದು ಮಡಿಚಿ ಪಕ್ಕಕ್ಕಿಟ್ಟಳು. ಈಗ ಅವಳು ದಿನವಿಡೀ ರೇಡಿಯೋ ಪಕ್ಕ ಕೂರುತ್ತಾಳೆ. ಏನು ಬೇಕು ಎಂದು ಕೇಳಿದರೆ ಏನೂ ಬೇಡ ಅನ್ನುತ್ತಾಳೆ. ಬೇಡ ಅನ್ನುವವರ ಹತ್ತಿರ ಚೌಕಾಸಿ ಮಾಡಲು ನನಗೆ ಬರುವುದಿಲ್ಲ.

ನೀವು ಗುಂಪು ಕಟ್ಟಿಕೊಂಡು ನಗರದ ಕಲೆ ನೋಡಲು ಹೊರಟಿದ್ದರೆ ನನ್ನ ಮಾತು ಕೇಳಿ. ಒಂದು ದಿನಕ್ಕೆ ಎರಡು ಜಾಗ, ಅದಕ್ಕಿಂತ ಹೆಚ್ಚು ಬೇಡ. ಯಾರಾದರೂ ಒಂದು ಚಿತ್ರಕ್ಕಾಗಿಯೇ ಬಂದಿದ್ದರೆ, ಮೊದಲು ಅಲ್ಲಿಗೇ ಹೋಗಿ, ಕಟ್ಟಡಗಳು ಕಾಯುತ್ತವೆ. ಹೊರಡುವ ಮುಂಚೆ ಗ್ಯಾಲರಿಗೆ ಫೋನ್ ಮಾಡಿ, ಆ ಚಿತ್ರ ಗೋಡೆಯ ಮೇಲಿದೆಯೇ, ಎಂದಿನವರೆಗೆ ಇರುತ್ತದೆ, ಎರವಲಿನದೇ ಎಂದು ಕೇಳಿ. ವಾರದ ದಿನ ಬಾಗಿಲು ತೆರೆಯುವ ಹೊತ್ತಿಗೆ ಹೋದರೆ ಜನವಿರುವುದಿಲ್ಲ. ಕೇಳಿದರೆ ಮಡಚುವ ಸ್ಟೂಲು ಕೊಡುವ ಕಡೆಗಳಿವೆ, ನಾಚಿಕೆಪಡಬೇಡಿ. ಕೋಚಿನವನೊಡನೆ ಹೊತ್ತು ಗಟ್ಟಿಮಾಡುವಾಗ ಒಂದು ಗಂಟೆ ಹೆಚ್ಚಿಗೇ ಹಿಡಿಯಿರಿ, ಆ ಹಣ ದಂಡ ಅಂದುಕೊಳ್ಳಬೇಡಿ.

ಅದಕ್ಕಿಂತ ಮೊದಲಿನ ಕೆಲಸ ಇನ್ನೊಂದಿದೆ. ನಲವತ್ತು ದಾಟಿದ್ದೀರಾ? ನಿಮ್ಮ ಅಪ್ಪನಿಗೋ ಅವ್ವನಿಗೋ ಅಣ್ಣತಮ್ಮಂದಿರಿಗೋ ಗ್ಲಾಕೋಮಾ ಇತ್ತೇ? ಹಾಗಿದ್ದರೆ ಇಲ್ಲಿ ಇಂಗ್ಲೆಂಡಿನಲ್ಲಿ ಕಣ್ಣಿನ ಪರೀಕ್ಷೆ ನಿಮಗೆ ಪುಕ್ಕಟೆ. ನನ್ನ ಮಾವನವರ, ಅಂದರೆ ಅವಳ ಅಪ್ಪನ, ಕಣ್ಣು ಮುಪ್ಪಿನಲ್ಲಿ ಹೋದಾಗ ಅದಕ್ಕೆ ಏನು ಹೆಸರು ಎಂದು ನಾವು ಯಾರೂ ಕೇಳಲಿಲ್ಲ. ನೀವು ಊರಿಗೆ ಫೋನ್ ಮಾಡಿ ಕೇಳಿ. ಕನ್ನಡಕದಂಗಡಿಯಲ್ಲಿ ಬರೀ ಅಕ್ಷರ ಓದಿಸಿ ಕಳಿಸಿದರೆ ಎದ್ದು ಬರಬೇಡಿ. ಕಣ್ಣಿನ ಒತ್ತಡ ನೋಡಿ, ಪಕ್ಕದ ನೋಟ ನೋಡಿ ಎಂದು ಕೇಳಿ ಮಾಡಿಸಿಕೊಳ್ಳಿ. ಚುಕ್ಕೆ ಕಾಣದಿದ್ದರೆ ಕಾಣಲಿಲ್ಲ ಎಂದೇ ಹೇಳಿ. ಹನಿ ಕೊಟ್ಟರೆ ಒಂದು ದಿನವೂ ತಪ್ಪಿಸದೆ ಹಾಕಿಕೊಳ್ಳಿ. ಮನೆಯಾಕೆಯನ್ನೂ ಜೊತೆಗೆ ಕರೆದುಕೊಂಡು ಹೋಗಿ, ಇಬ್ಬರಿಗೂ ಒಂದೇ ದಿನದ ಸಮಯ ಕೇಳಿದರೆ ಕೊಡುತ್ತಾರೆ.