ತೋಟದ ಮನೆಯ ದೆವ್ವಕ್ಕೆ ಲಂಗ

ಮಹಾಲಯ ಅಮಾವಾಸ್ಯೆಯ ಎಡೆಗೆ ಬಟ್ಟೆ ತರಲು ಯಲಹಂಕಕ್ಕೆ ಹೋಗಿದ್ದೆ. ಹೊಸ ಲಂಗದ ಗಂಜಿ ವಾಸನೆಗೆ ಅಲ್ಲಾಳಸಂದ್ರದ ನಮ್ಮ ಪಾಳು ತೋಟದ ಮನೆ ಕಣ್ಮುಂದೆ ಬಂತು.

ದ್ರಾಕ್ಷಿ ಚಪ್ಪರ ಕುಸಿದು, ಬಾಗಿಲು ಗೆದ್ದಲು ಹಿಡಿದಿದ್ದ ಮನೆ. ‘ಅಲ್ಲಿ ದೆವ್ವ ಐತೆ, ಬಾವಿ ತಾವ ಓಗ್ಬೇಡಿ’ ಅಂತ ಊರಿಗೆಲ್ಲ ಸಾರಿದ್ದು ನಮ್ಮಜ್ಜಿಯೇ. ಚಿಕ್ಕವರಿದ್ದಾಗ ಒಂದು ಮಧ್ಯಾಹ್ನ ನಾನೂ ಅಕ್ಕನೂ ಕದ್ದು ಒಳಗೆ ನುಗ್ಗಿದ್ವಿ. ಬಾವಲಿ ನಾತ. ಮೂಲೆಯ ಟ್ರಂಕಿನಲ್ಲಿ ಯಾರೂ ಉಡದ ಪುಟ್ಟ ಲಂಗಗಳ ರಾಶಿ. ವರ್ಷ ವರ್ಷ ತಾತನ ಪಂಚೆ ಪಕ್ಕ ಅಜ್ಜಿ ಎಡೆಗಿಡುತ್ತಿದ್ದ ಲಂಗಗಳು! ಯಾರಿಗೆ ಅಂತ ಕೇಳಿದರೆ ಗದರುತ್ತಿದ್ದಳು. ಎಲ್ಲವೂ ಒಂದೇ ಅಳತೆ. ಅಕ್ಕ ಒಂದನ್ನು ನನಗೆ ಹಿಡಿದು ನೋಡಿದಳು, ಸರಿಯಾಗಿತ್ತು.

ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ಬೈಯಲಿಲ್ಲ.

‘ನಿಮ್ಮತ್ತೇದು ಕಣವ್ವ. ಬಾವೀಗ್ ಬಿದ್ದಾಗ ಎಂಟು ವರ್ಸ. ದೆವ್ವ ಅಂದ್ರಾದ್ರೂ ನೀವು ಈ ಕಡೆ ಬರಲ್ಲ ಅಂದ್ಕೊಂಡೆ.’

ಈಗ ಅಜ್ಜಿಯಿಲ್ಲ. ಬಾವಿ ಮುಚ್ಚಿ ಅಪಾರ್ಟ್‌ಮೆಂಟ್ ಎದ್ದಿದೆ.

‘ಮಗೂಗೆ ಎಷ್ಟು ವರ್ಷ ಮೇಡಂ?’ ಅಂದ ಅಂಗಡಿಯವನು.

‘ಎಂಟು.’

‘ಒಂದ್ ಸೈಜ್ ದೊಡ್ಡದೇ ತಗೊಳ್ಳಿ. ಮಕ್ಕಳು ಬೇಗ ಬೆಳೀತಾರೆ.’

‘ಬೇಡ, ಇದೇ ಕೊಡಿ’ ಅಂದೆ.