ಕಿನ್ನಾಳದ ಗೌರಿ ಯಾರನ್ನು ನೋಡುತ್ತಾಳೆ?

ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ, ಮರದ ಬೊಂಬೆ ಮಾಡುವವರ ಮನೆಯ ಪಡಸಾಲೆಯಲ್ಲಿ ಕುಳಿತಿದ್ದೇನೆ. ಮನೆಯ ಸೊಸೆ ಶಾಂತಮ್ಮನವರ ಮುಂದೆ ಒಬ್ಬ ಗೌರಿ, ಅವಳ ತೊಡೆಯ ಮೇಲೆ ಪುಟ್ಟ ಗಣಪ. ಬಣ್ಣವೆಲ್ಲ ಮುಗಿದಿದೆ. ಕಣ್ಣು ಬರೆಯುವುದು ಇಲ್ಲಿ ಎಲ್ಲಕ್ಕಿಂತ ಕಡೆಗೆ.

ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಚಟ ನನಗೆ. ಮೊಬೈಲಿನಲ್ಲಿದ್ದ ಇಟಲಿಯ ಹಳೆಯ ಚಿತ್ರವೊಂದನ್ನು ತೋರಿಸಿದೆ: ಮೇರಿಯ ಮಡಿಲಲ್ಲಿ ಏಸು. ಶಾಂತಮ್ಮ ಅದನ್ನು ಗೌರಿಯ ಪಕ್ಕ ಹಿಡಿದರು.

"ಇಬ್ರೂ ಕುಂತಿದ್ದು ಒಂದ ನಮೂನಿ. ಆದ್ರ ಈಕಿ ಕೂಸನ್ನಷ್ಟ ನೋಡಾಕತ್ಯಾಳ್ರಿ. ಭಾಳ ಛಲೋ ಐತಿ. ನಮ್ಮ ಗೌರಿನೂ ಹಂಗ ನೋಡಿದ್ರ?"

ಬಾಗಿಲಲ್ಲಿ ನಿಂತಿದ್ದ ಅತ್ತೆ ಸಿಡುಕಿದರು: "ಆಕಿ ಮಗನ್ನ ನೋಡ್ಕೊಂತ ಕುಂತ್ರ, ಕೈ ಮುಗಿಯಾಕ ಬಂದವ್ರನ್ನ ಯಾರು ನೋಡಬೇಕವಾ?"

ಶಾಂತಮ್ಮ ಸಣ್ಣ ಕುಂಚ ಎತ್ತಿಕೊಂಡು ಗೌರಿಯ ಕಣ್ಣು ಬರೆದರು. ಅವು ನೆಟ್ಟಗೆ ನನ್ನನ್ನೇ ನೋಡಿದವು. ಅತ್ತೆ ಸಮಾಧಾನದಿಂದ ಒಳಗೆ ಹೋದರು.

ಆಮೇಲೆ ಗಣಪನ ಸರದಿ. ಅವನ ಕಪ್ಪು ಕಣ್ಣುಗುಡ್ಡೆಗಳನ್ನು ಶಾಂತಮ್ಮ ಮೇಲಕ್ಕೆ, ಅವ್ವನ ಮುಖದ ಕಡೆಗೆ ಇಟ್ಟರು.